ಅಯಾನು ಹೊಕ್ಕು ಹೊರಡುವ ಮನೆ

ವಿದ್ಯುತ್ತನ್ನು ಇದ್ದ ರೂಪದಲ್ಲೇ ದೊಡ್ಡ ಪ್ರಮಾಣದಲ್ಲಿ ಕೂಡಿಡಲು ಆಗುವುದಿಲ್ಲ. ಭತ್ತವನ್ನು ಕಣಜದಲ್ಲಿ, ನೀರನ್ನು ಕೆರೆಯಲ್ಲಿ ತುಂಬಿಡಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತು ಮಾತ್ರ ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು. ನಾಳೆಗೆ ಬೇಕೆಂದರೆ ಅದನ್ನು ಬೇರೊಂದು ರೂಪಕ್ಕೆ ತಿರುಗಿಸಿ ಇಡಬೇಕು. ನೀರನ್ನು ಪಂಪಿನಿಂದ ಎತ್ತರದ ಜಲಾಶಯಕ್ಕೇರಿಸಿ, ಬೇಕಾದಾಗ ಕೆಳಗಿಳಿಸಿ ಟರ್ಬೈನು ತಿರುಗಿಸುವುದು ಒಂದು ದಾರಿ. ರಾಸಾಯನಿಕ ಶಕ್ತಿಯಾಗಿ ವಸ್ತುವಿನೊಳಗೇ ಇಡುವುದು ಇನ್ನೊಂದು ದಾರಿ. ಈ ಎರಡನೆಯ ಕೆಲಸ ಮಾಡುವ ಸಾಧನವೇ ಬ್ಯಾಟರಿ.

ಇದರ ಅಗತ್ಯ ಎಷ್ಟೆಂಬುದು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಕಣ್ಣಿಗೆ ಕಾಣುತ್ತದೆ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಸೂರ್ಯ ನೆತ್ತಿಯ ಮೇಲಿರುವಾಗ ಅದು ತುಂಬು ಬಲದಲ್ಲಿ ವಿದ್ಯುತ್ ಕೊಡುತ್ತದೆ. ಸಂಜೆ ಏಳರ ಹೊತ್ತಿಗೆ ಮನೆಮನೆಯಲ್ಲಿ ದೀಪ, ಫ್ಯಾನು, ಮಿಕ್ಸಿ, ಟಿವಿ ಒಟ್ಟಿಗೆ ಶುರುವಾಗುತ್ತವೆ. ಆ ಹೊತ್ತಿಗೆ ಸೌರ ಫಲಕಗಳು ಸುಮ್ಮನಾಗಿರುತ್ತವೆ. ಹಗಲಿನ ಬಿಸಿಲನ್ನು ರಾತ್ರಿಗೆ ದಾಟಿಸುವ ಸೇತುವೆ ಗಟ್ಟಿಯಾಗದೆ ಸೌರಶಕ್ತಿಯ ಪ್ರಯೋಜನ ಪೂರ್ಣವಾಗದು.

ಸೇತುವೆ ಕಟ್ಟಲು ಬೇಕಾದದ್ದು ಮುಖ್ಯವಾಗಿ ಹೊಸ ವಸ್ತುಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹಿಡಿದು ಟೋಕಿಯೊ, ಆಕ್ಸ್‌ಫರ್ಡ್, ಟೆಕ್ಸಸ್‌ಗಳ ವಿಶ್ವವಿದ್ಯಾಲಯಗಳವರೆಗೆ ಶಕ್ತಿ ಮತ್ತು ವಸ್ತುವಿಜ್ಞಾನದ ಸಂಶೋಧನಾ ಉಪನ್ಯಾಸಗಳು ಸುತ್ತಿ ಸುತ್ತಿ ಬರುವುದು ಒಂದೇ ಪ್ರಶ್ನೆಗೆ: ಅಯಾನುಗಳು ಸಾವಿರಾರು ಸಲ ಒಳಬಂದು ಹೊರಹೋದರೂ ಕುಸಿಯದ ಹರಳನ್ನು ಯಾವ ಮೂಲವಸ್ತುಗಳಿಂದ, ಹೇಗೆ ಕಟ್ಟಬೇಕು? ಕಳೆದ ಐವತ್ತು ವರ್ಷಗಳ ಬ್ಯಾಟರಿಯ ಚರಿತ್ರೆಯೆಂದರೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳ ಚರಿತ್ರೆ.

ಬ್ಯಾಟರಿಯ ಒಳಗೆ

ಎಲ್ಲ ಬ್ಯಾಟರಿಗಳಲ್ಲೂ ಮೂರು ಭಾಗಗಳಿರುತ್ತವೆ: ಆನೋಡ್ ಎಂಬ ಋಣ ಧ್ರುವ, ಕ್ಯಾಥೋಡ್ ಎಂಬ ಧನ ಧ್ರುವ, ಇವೆರಡರ ನಡುವೆ ಎಲೆಕ್ಟ್ರೊಲೈಟ್. ಬ್ಯಾಟರಿ ಕೆಲಸ ಮಾಡುವಾಗ ಆನೋಡಿನ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗುತ್ತವೆ. ಎಲೆಕ್ಟ್ರಾನು ಮತ್ತು ಅಯಾನು ಅಲ್ಲಿಂದ ಬೇರೆ ಬೇರೆ ಹಾದಿ ಹಿಡಿಯುತ್ತವೆ. ಅಯಾನುಗಳು ಎಲೆಕ್ಟ್ರೊಲೈಟಿನ ಮೂಲಕ ಒಳಗಿನಿಂದಲೇ ದಾಟಿದರೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸುತ್ತಿ ಬಂದು ಕ್ಯಾಥೋಡಿನಲ್ಲಿ ಅವನ್ನು ಕೂಡಿಕೊಳ್ಳುತ್ತವೆ. ಹಾಗೆ ಸುತ್ತಿ ಬರುವ ದಾರಿಯಲ್ಲಿ ಬಲ್ಬು ಉರಿಯುತ್ತದೆ, ಮೋಟಾರು ತಿರುಗುತ್ತದೆ. ಎಲೆಕ್ಟ್ರೊಲೈಟಿನ ಗುಣವೇ ಇದು: ಅಯಾನನ್ನು ಬಿಡಬೇಕು, ಎಲೆಕ್ಟ್ರಾನನ್ನು ತಡೆಯಬೇಕು.

1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸತು ಕರಗುತ್ತ ಹೋಗುತ್ತಿತ್ತು, ಮುಗಿದರೆ ಮುಗಿಯಿತು. ಮತ್ತೆ ಚಾರ್ಜು ಮಾಡಬಹುದಾದ ಬ್ಯಾಟರಿ ಬಂದದ್ದು 1859ರಲ್ಲಿ, ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅವರಿಂದ. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿಟ್ಟು ಅವರು ಮಾಡಿದ ಬ್ಯಾಟರಿಯ ಸಂತತಿಯೇ ಇಂದಿಗೂ ಕಾರುಗಳ ಬಾನೆಟ್ಟಿನಡಿ, ಮನೆಯ ಯುಪಿಎಸ್‌ನಲ್ಲಿ ಕುಳಿತಿದೆ.

ಸೀಸದ ಬ್ಯಾಟರಿ ಅಗ್ಗ, ನಂಬಿಕೆಗೆ ತಕ್ಕದ್ದು. ಆದರೆ ಅದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ತೂಕ: ಒಂದು ಕಿಲೋ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 30ರಿಂದ 40 ವಾಟ್-ಗಂಟೆ ಶಕ್ತಿ. ಎರಡನೆಯದು ಅದರ ರಸಾಯನ. ಬ್ಯಾಟರಿ ಖಾಲಿಯಾಗುವಾಗ ಎರಡೂ ಧ್ರುವಗಳ ಮೇಲೆ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಚಾರ್ಜು ಮಾಡಿದಾಗ ಮತ್ತೆ ಒಂದೆಡೆ ಸೀಸವಾಗಿ, ಇನ್ನೊಂದೆಡೆ ಸೀಸದ ಆಕ್ಸೈಡಾಗಿ ಬದಲಾಗಬೇಕು. ಪ್ರತಿಸಲವೂ ಮನೆಯನ್ನು ಕೆಡವಿ ಮತ್ತೆ ಕಟ್ಟಿದ ಹಾಗೆ. ಪೂರ್ತಿ ಖಾಲಿ ಮಾಡುತ್ತ ಹೋದರೆ ಕೆಲವು ನೂರು ಸಲಕ್ಕೆ ಅದು ಸೋಲುತ್ತದೆ.

ಹಗುರ ಲೋಹದ ಹುಡುಕಾಟ

ತೂಕದ ಸಮಸ್ಯೆಗೆ ಪರಿಹಾರ ಆವರ್ತ ಕೋಷ್ಟಕದ ಮೊದಲ ಕಂಬದಲ್ಲೇ ಇತ್ತು. ಲಿಥಿಯಂ ಪರಮಾಣು ಸಂಖ್ಯೆ 3ರ ಮೂಲವಸ್ತು, ಎಲ್ಲ ಲೋಹಗಳಲ್ಲಿ ಹಗುರ. ಅದರ ಸಾಂದ್ರತೆ ನೀರಿನ ಅರ್ಧದಷ್ಟು ಮಾತ್ರ. ಹೊರಕವಚದಲ್ಲಿರುವ ಒಂಟಿ ಎಲೆಕ್ಟ್ರಾನನ್ನು ಬಿಟ್ಟುಕೊಡಲು ಅದು ಎಷ್ಟು ಆತುರಪಡುತ್ತದೆಂದರೆ, ಲೋಹಗಳ ವಿದ್ಯುದ್ವಿಭವದ ಪಟ್ಟಿಯಲ್ಲಿ ಅದರ ಅಂಕಿ ಮೈನಸ್ 3.04 ವೋಲ್ಟ್. ಹಗುರವೂ ಆಗಿ, ಹೆಚ್ಚು ವೋಲ್ಟೇಜೂ ಕೊಡುವ ಆನೋಡ್ ಇದಕ್ಕಿಂತ ಬೇರೆ ಸಿಗುವುದು ಕಷ್ಟ.

ಸ್ವೀಡನ್ನಿನ ಯೋಹಾನ್ ಆಗಸ್ಟ್ ಆರ್ಫ್ವೆಡ್ಸನ್ 1817ರಲ್ಲೇ ಲಿಥಿಯಂ ಇರುವುದನ್ನು ಗುರುತಿಸಿದ್ದರು. ಬ್ಯಾಟರಿಗೆ ಅದು ಬರಲು ಒಂದೂವರೆ ಶತಮಾನ ಹಿಡಿದದ್ದು ಆ ಆತುರದ ಸ್ವಭಾವದಿಂದಲೇ. ನೀರು ತಾಗಿದರೆ ಲಿಥಿಯಂ ಹೈಡ್ರೋಜನ್ ಹೊರಡಿಸುತ್ತ ಪ್ರತಿಕ್ರಿಯಿಸುತ್ತದೆ. ತೇವದ ಗಾಳಿಯಲ್ಲಿ ಅದರ ಹೊಳಪು ನೋಡನೋಡುತ್ತ ಮಾಸುತ್ತದೆ. ಆದ್ದರಿಂದ ನೀರಿನ ಬದಲು ಸಾವಯವ ದ್ರಾವಕಗಳನ್ನು ಬಳಸಬೇಕಾಯಿತು. ಅಷ್ಟಾದರೂ ಒಂದು ಕೊರತೆ ಉಳಿಯಿತು: ಆನೋಡಿನಿಂದ ಹೊರಟ ಲಿಥಿಯಂ ಅಯಾನು ಇಳಿದುಕೊಳ್ಳಲು, ಬೇಕೆಂದಾಗ ಎದ್ದು ಹೋಗಲು, ಕ್ಯಾಥೋಡಿನಲ್ಲಿ ಒಂದು ಜಾಗ ಬೇಕಿತ್ತು.

ಪದರಗಳ ನಡುವಿನ ಜಾಗ

1970ರ ದಶಕದ ಆರಂಭದಲ್ಲಿ ಅಮೆರಿಕದ ಎಕ್ಸಾನ್ ತೈಲ ಕಂಪನಿ, ತೈಲವಿಲ್ಲದ ದಿನಗಳಿಗಾಗಿ ಬೇರೆ ಶಕ್ತಿಮೂಲಗಳ ಸಂಶೋಧನೆಗೆ ಹಣ ಹೂಡಿತು. ಅಲ್ಲಿ ಕೆಲಸಕ್ಕೆ ಸೇರಿದ ಬ್ರಿಟಿಷ್ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಟೈಟಾನಿಯಂ ಡೈಸಲ್ಫೈಡ್ ಎಂಬ ವಸ್ತುವನ್ನು ಕೈಗೆತ್ತಿಕೊಂಡರು. ಇದರ ಹರಳು ಚಿರೋಟಿಯ ಹಾಗೆ ಪದರ ಪದರ. ಒಂದು ಪದರದೊಳಗೆ ಟೈಟಾನಿಯಂ, ಗಂಧಕಗಳ ಬಂಧ ಬಿಗಿ. ಪದರದಿಂದ ಪದರಕ್ಕೆ ಹಿಡಿತ ಸಡಿಲ. ಆ ಸಡಿಲ ಸಂದಿಗಳಲ್ಲಿ ಲಿಥಿಯಂ ಅಯಾನುಗಳು ನುಸುಳಿ ಕೂರಬಲ್ಲವು, ಹರಳಿನ ಚೌಕಟ್ಟನ್ನು ಮುರಿಯದೆ ಹಿಂದಿರುಗಬಲ್ಲವು.

ಬ್ಯಾಟರಿಯ ಚರಿತ್ರೆಯ ದೊಡ್ಡ ತಿರುವು ಇದೇ. ಸೀಸದ ಬ್ಯಾಟರಿಯಲ್ಲಿ ಕೆಡವಿ ಕಟ್ಟಬೇಕಾಗಿದ್ದ ಮನೆ, ಇಲ್ಲಿ ನಿಂತಲ್ಲೇ ನಿಂತಿತು; ನೆಂಟರಷ್ಟೇ ಬಂದು ಹೋಗತೊಡಗಿದರು. ಎರಡು ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಕೊಡುತ್ತಿದ್ದ ಈ ಬ್ಯಾಟರಿಯ ವಿವರ 1976ರಲ್ಲಿ ಪ್ರಕಟವಾಯಿತು.

ತೊಂದರೆ ಬಂದದ್ದು ಇನ್ನೊಂದು ಧ್ರುವದಲ್ಲಿ. ಅಲ್ಲಿದ್ದದ್ದು ಶುದ್ಧ ಲಿಥಿಯಂ ಲೋಹ. ಮತ್ತೆ ಮತ್ತೆ ಚಾರ್ಜು ಮಾಡಿದಾಗ ಹಿಂದಿರುಗಿದ ಲಿಥಿಯಂ ನಯವಾದ ಪದರವಾಗಿ ಕೂರದೆ, ಕೂದಲೆಳೆಯಂಥ ಟಿಸಿಲುಗಳಾಗಿ ಬೆಳೆಯುತ್ತಿತ್ತು. ಟಿಸಿಲು ಉದ್ದವಾಗಿ ಎದುರಿನ ಧ್ರುವವನ್ನು ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್, ಅದರ ಹಿಂದೆಯೇ ಬೆಂಕಿ. ಲಿಥಿಯಂಗೆ ಅಲ್ಯೂಮಿನಿಯಂ ಬೆರೆಸಿ ನೋಡಿದ್ದಾಯಿತು, ಎಲೆಕ್ಟ್ರೊಲೈಟ್ ಬದಲಿಸಿ ನೋಡಿದ್ದಾಯಿತು. 1980ರ ದಶಕದ ಆರಂಭದಲ್ಲಿ ತೈಲದ ಬೆಲೆ ಇಳಿದಾಗ ಕಂಪನಿ ಈ ಕೆಲಸವನ್ನು ಕೈಬಿಟ್ಟಿತು.

ಕೋಬಾಲ್ಟ್ ಮತ್ತು ಇಂಗಾಲ

ಆ ಎಳೆಯನ್ನು ಹಿಡಿದವರು ಜಾನ್ ಬಿ. ಗುಡ್‌ಇನಫ್. 1922ರಲ್ಲಿ ಹುಟ್ಟಿದ ಈ ಅಮೆರಿಕನ್ ಭೌತವಿಜ್ಞಾನಿ ಲೋಹದ ಆಕ್ಸೈಡುಗಳ ಗುಣಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದರು. ಗಂಧಕದ ಜಾಗದಲ್ಲಿ ಆಮ್ಲಜನಕವಿದ್ದರೆ ಕ್ಯಾಥೋಡಿನ ವೋಲ್ಟೇಜ್ ಏರಬೇಕು ಎಂಬುದು ಅವರ ಲೆಕ್ಕಾಚಾರ. 1980ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿದ್ದಾಗ, ಜಪಾನಿನ ಕೋಯಿಚಿ ಮಿಝುಷಿಮಾ ಮತ್ತು ಇತರ ಸಹೋದ್ಯೋಗಿಗಳ ಜೊತೆಗೆ ಅವರು ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟರು. ವೋಲ್ಟೇಜ್ ಎರಡರಿಂದ ನಾಲ್ಕಕ್ಕೆ ಜಿಗಿಯಿತು. ಆಗ ಗುಡ್‌ಇನಫ್ ಅವರಿಗೆ 58ರ ಆಸುಪಾಸು.

ಈ ಹರಳೂ ಪದರದ್ದೇ. ಕೋಬಾಲ್ಟ್ ಆಕ್ಸೈಡಿನ ಒಂದು ಹಾಸು, ಲಿಥಿಯಂನ ಒಂದು ಹಾಸು, ಹೀಗೆ ಸರದಿಯಂತೆ ಜೋಡಣೆಯಾಗಿರುತ್ತದೆ. ವೋಲ್ಟೇಜಿನಷ್ಟೇ ಮುಖ್ಯವಾದ ಇನ್ನೊಂದು ಗುಣ ಅದರಲ್ಲಿತ್ತು: ತಯಾರಾಗುವಾಗಲೇ ಅದರೊಳಗೆ ಲಿಥಿಯಂ ತುಂಬಿರುತ್ತದೆ. ಹಾಗಾಗಿ ಆನೋಡಿನಲ್ಲಿ ಬೆಂಕಿಗೆ ಕಾರಣವಾದ ಲಿಥಿಯಂ ಲೋಹ ಇರಲೇಬೇಕೆಂದಿಲ್ಲ. ಖಾಲಿ ಮನೆಯೊಂದಿದ್ದರೆ ಸಾಕು, ಮೊದಲ ಸಲ ಚಾರ್ಜು ಮಾಡಿದಾಗ ಕ್ಯಾಥೋಡಿನ ಲಿಥಿಯಂ ಅಲ್ಲಿಗೆ ಹೋಗಿ ಸೇರುತ್ತದೆ.

ಮಿತಿಯೂ ಇತ್ತು. ಕೋಬಾಲ್ಟ್ ಆಕ್ಸೈಡಿನಿಂದ ಲಿಥಿಯಂ ಅನ್ನು ಪೂರ್ತಿ ಹೊರತೆಗೆಯಲಾಗದು. ಹತ್ತಿರಹತ್ತಿರ ಅರ್ಧ ತೆಗೆದ ಮೇಲೆ ಹರಳಿನ ಜೋಡಣೆ ಅಲುಗಾಡತೊಡಗುತ್ತದೆ. ಇನ್ನೂ ಎಳೆದರೆ ಆಮ್ಲಜನಕ ಬಿಡುಗಡೆಯಾಗುವ ಅಪಾಯವಿದೆ. ತೊಲೆಗಳನ್ನೆಲ್ಲ ಕಿತ್ತರೆ ಮಾಳಿಗೆ ಕುಸಿಯುವುದು ಸಹಜ. ಮೊಬೈಲಿನ ಚಾರ್ಜರು ಒಂದು ಮಿತಿಯ ವೋಲ್ಟೇಜಿಗೆ ಬಂದೊಡನೆ ನಿಲ್ಲುವುದು ಈ ಕಾರಣಕ್ಕೇ.

ಆನೋಡಿನ ಖಾಲಿ ಮನೆ ಸಿಕ್ಕಿದ್ದು ಇಂಗಾಲದಲ್ಲಿ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಪದರಗಳ ವಸ್ತು. ಕಾಗದದ ಮೇಲೆ ಅದು ಗೆರೆ ಬಿಡುವುದೇ ಪದರಗಳು ಜಾರುವುದರಿಂದ. ಆರು ಇಂಗಾಲದ ಪರಮಾಣುಗಳಿಗೆ ಒಂದರಂತೆ ಅದು ಲಿಥಿಯಂ ಅಯಾನುಗಳಿಗೆ ಎಡೆ ಕೊಡುತ್ತದೆ. ಲಿಥಿಯಂ ಹೀಗೆ ವಿದ್ಯುತ್ತಿನ ಮೂಲಕ ಗ್ರಾಫೈಟಿನೊಳಗೆ ಹೋಗಿಬರಬಲ್ಲದೆಂದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ರಶೀದ್ ಯಝಾಮಿ ತೋರಿಸಿದರು. ಜಪಾನಿನ ಅಸಾಹಿ ಕಸೇಯ್ ಕಂಪನಿಯ ಅಕಿರಾ ಯೋಶಿನೊ 1985ರಲ್ಲಿ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲವನ್ನೂ ಕೋಬಾಲ್ಟ್ ಆಕ್ಸೈಡನ್ನೂ ಎದುರುಬದುರು ಇಟ್ಟು, ಲಿಥಿಯಂ ಲೋಹವೇ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಮಾಡಿದರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಗ್ರಾಫೈಟೇ ಆನೋಡಿನ ಮುಖ್ಯ ವಸ್ತುವಾಯಿತು.

ಗ್ರಾಫೈಟ್ ನಿಲ್ಲಲು ಕಾರಣ ಕಣ್ಣಿಗೆ ಕಾಣದ ಒಂದು ಪೊರೆ. ಮೊದಲ ಸಲ ಚಾರ್ಜು ಮಾಡುವಾಗ ಎಥಿಲೀನ್ ಕಾರ್ಬೊನೇಟ್ ಎಂಬ ದ್ರಾವಕ ಗ್ರಾಫೈಟಿನ ಮೇಲೆ ಸ್ವಲ್ಪ ಒಡೆದು, ಹಾಲಿನ ಮೇಲಿನ ಕೆನೆಯ ಹಾಗೆ ತೆಳುವಾದ ಪದರ ಕಟ್ಟುತ್ತದೆ. ಅದು ಲಿಥಿಯಂ ಅಯಾನನ್ನು ಒಳಬಿಡುತ್ತದೆ, ದ್ರಾವಕವನ್ನು ಹೊರಗೇ ನಿಲ್ಲಿಸುತ್ತದೆ. ಈ ಪೊರೆ ಗಟ್ಟಿಯಾಗಿದ್ದರೆ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಬಿರುಕು ಬಿಟ್ಟು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ, ಪ್ರತಿಸಲವೂ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಬಿದ್ದು ನಷ್ಟವಾಗುತ್ತದೆ.

ಕಬ್ಬಿಣದ ಸರದಿ

ಕೋಬಾಲ್ಟ್ ದುಬಾರಿ ಲೋಹ. ಗಣಿಗಳಿಂದ ಬರುವ ಕೋಬಾಲ್ಟಿನ ಹೆಚ್ಚಿನ ಪಾಲು ಆಫ್ರಿಕಾದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿ ಮಕ್ಕಳೂ ಸೇರಿದಂತೆ ಬಡವರು ಕೈಯಿಂದಲೇ ಅದಿರು ಅಗೆಯುವ ಚಿತ್ರಗಳು ಲೋಕದ ಮನಸ್ಸನ್ನು ಕಲಕಿವೆ. ಮೊಬೈಲಿಗೆ ಸಾಲುವ ವಸ್ತು ಬಸ್ಸಿಗೆ, ಊರಿನ ವಿದ್ಯುತ್ ಜಾಲಕ್ಕೆ ಹೊಂದುವುದಿಲ್ಲ. ಕೋಬಾಲ್ಟಿನ ಒಂದು ಪಾಲನ್ನು ನಿಕಲ್ ಮತ್ತು ಮ್ಯಾಂಗನೀಸ್‌ಗೆ ಬಿಟ್ಟುಕೊಡುವುದು ಒಂದು ಉಪಾಯವಾಯಿತು. ಅನೇಕ ಕಾರುಗಳಲ್ಲಿ ಇಂದು ಅಂಥ ಮಿಶ್ರಣಗಳೇ ಇವೆ. ಇನ್ನೂ ಅಗ್ಗದ ಉಪಾಯ ಕಬ್ಬಿಣ. ಆದರೆ ಸಾಮಾನ್ಯ ಆಕ್ಸೈಡಿನಲ್ಲಿ ಕಬ್ಬಿಣ ಕೊಡುವ ವೋಲ್ಟೇಜ್ ಕಡಿಮೆ.

ಇದಕ್ಕೆ ಮದ್ದು ಹುಡುಕುವ ಹಾದಿಯಲ್ಲಿ ಭಾರತೀಯರ ಹೆಸರುಗಳಿವೆ. ಮದ್ರಾಸ್ ಐಐಟಿಯಲ್ಲಿ ಓದಿದ ಅರುಮುಗಂ ಮಂತಿರಂ ಗುಡ್‌ಇನಫ್ ಜೊತೆಗೂಡಿ 1980ರ ದಶಕದಲ್ಲಿ ಒಂದು ಸೂಕ್ಷ್ಮವನ್ನು ಕಂಡುಕೊಂಡರು. ಕಬ್ಬಿಣದ ಪಕ್ಕದ ಆಮ್ಲಜನಕವನ್ನು ಗಂಧಕ ಅಥವಾ ರಂಜಕದ ಪರಮಾಣು ಆಚೆಯಿಂದ ಹಿಡಿದೆಳೆಯುತ್ತಿದ್ದರೆ, ಕಬ್ಬಿಣದ ಎಲೆಕ್ಟ್ರಾನುಗಳ ಮಟ್ಟ ಬದಲಾಗಿ ವೋಲ್ಟೇಜ್ ಏರುತ್ತದೆ. ಇದೇ ಸೂತ್ರದ ಮೇಲೆ 1997ರಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಅಕ್ಷಯ ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ಮುಂದಿಟ್ಟರು. ಅದರ ವೋಲ್ಟೇಜ್ ಸುಮಾರು 3.4. ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಿಸಿಯೇರಿದರೂ ಅದು ಸುಲಭಕ್ಕೆ ಹೊರಬೀಳದು. ಬೆಂಕಿಯ ಭಯ ಅಷ್ಟರಮಟ್ಟಿಗೆ ಕಡಿಮೆ.

ಈ ಹರಳಿನಲ್ಲಿ ಪದರಗಳಿಲ್ಲ, ಕಿರಿದಾದ ಸುರಂಗಗಳಿವೆ. ಲಿಥಿಯಂ ಒಂದೇ ದಿಕ್ಕಿನಲ್ಲಿ ಸಾಲಾಗಿ ಸಾಗಬೇಕು. ದಾರಿಯಲ್ಲಿ ಒಂದು ಕಬ್ಬಿಣದ ಪರಮಾಣು ತಪ್ಪಿ ಅಡ್ಡ ಕುಳಿತರೆ ಇಡೀ ಸಾಲು ನಿಂತುಹೋಗುತ್ತದೆ. ಸಾಲದ್ದಕ್ಕೆ ಈ ವಸ್ತುವಿನಲ್ಲಿ ಎಲೆಕ್ಟ್ರಾನುಗಳೂ ಸುಲಭವಾಗಿ ಹರಿಯವು. ಎರಡಕ್ಕೂ ಉತ್ತರ ಸರಳವಾಗಿತ್ತು. ಕಣಗಳನ್ನು ಬಹಳ ಸಣ್ಣದಾಗಿಸಿದರೆ ಸುರಂಗದ ಉದ್ದ ಕಡಿಮೆಯಾಗುತ್ತದೆ. ಸಕ್ಕರೆಯಂಥ ವಸ್ತುವನ್ನು ಬೆರೆಸಿ, ಗಾಳಿ ಸೋಕದಂತೆ ಕಾಯಿಸಿದರೆ, ಅದು ಕರಿದಾಗಿ ಪ್ರತಿ ಕಣದ ಮೇಲೂ ಇಂಗಾಲದ ತೆಳು ಲೇಪ ಕೂರುತ್ತದೆ. ಎಲೆಕ್ಟ್ರಾನುಗಳಿಗೆ ಅದೇ ಹೆದ್ದಾರಿ. ಒಂದು ಕಾಲಕ್ಕೆ ಕೆಲಸಕ್ಕೆ ಬಾರದಂತೆ ಕಂಡ ಈ ವಸ್ತು ಇಂದು ಬಸ್ಸು, ಆಟೊ, ಸ್ಕೂಟರು, ಸೌರ ಸ್ಥಾವರಗಳ ಬ್ಯಾಟರಿಗಳಲ್ಲಿ ಕೋಟಿಗಟ್ಟಲೆ ಕೋಶಗಳಾಗಿ, ಅಂದರೆ ಸೆಲ್ಲುಗಳಾಗಿ, ದುಡಿಯುತ್ತಿದೆ.

ವಿಟ್ಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ 2019ರ ರಸಾಯನವಿಜ್ಞಾನದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ. ಸ್ಟಾಕ್‌ಹೋಮ್‌ನಲ್ಲಿ ಅವರ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟವರು ಮಂತಿರಂ. 2023ರಲ್ಲಿ ಗುಡ್‌ಇನಫ್ ತೀರಿಕೊಂಡರು.

ಉಪನ್ಯಾಸದ ಗ್ರಾಫು ಹೇಳುವುದೇನು

ಹೊಸ ಬ್ಯಾಟರಿ ವಸ್ತುವಿನ ಬಗ್ಗೆ ನಡೆಯುವ ಯಾವ ಸಂಶೋಧನಾ ಉಪನ್ಯಾಸದಲ್ಲೂ ಕೆಲವು ಚಿತ್ರಗಳು ತಪ್ಪದೆ ಬರುತ್ತವೆ. ಅವನ್ನು ಓದಲು ಬಂದರೆ, ಪತ್ರಿಕೆಗಳಲ್ಲಿ ಆಗಾಗ ಕಾಣುವ 'ಐದೇ ನಿಮಿಷದಲ್ಲಿ ಚಾರ್ಜು' ಎಂಬಂಥ ಸುದ್ದಿಗಳನ್ನು ತೂಗಿ ನೋಡುವುದೂ ಸಾಮಾನ್ಯ ಓದುಗರಿಗೆ ಸಾಧ್ಯವಾಗುತ್ತದೆ.

ಮೊದಲ ಚಿತ್ರ ಎಕ್ಸ್-ಕಿರಣಗಳದ್ದು. ಹರಳಿನ ಮೇಲೆ ಎಕ್ಸ್-ಕಿರಣ ಬಿಟ್ಟಾಗ ಅದು ಪರಮಾಣುಗಳ ಸಾಲುಗಳಿಂದ ಚೆದುರಿ, ನಿರ್ದಿಷ್ಟ ಕೋನಗಳಲ್ಲಿ ಶಿಖರಗಳನ್ನು ಮೂಡಿಸುತ್ತದೆ. ಶಿಖರಗಳ ಜಾಗದಿಂದ ಪದರಗಳ ನಡುವಿನ ಅಂತರವನ್ನು ಲೆಕ್ಕ ಹಾಕಬಹುದು. ಚಾರ್ಜು ಆಗುತ್ತಿರುವಾಗಲೇ ಈ ಅಳತೆ ತೆಗೆದರೆ ಶಿಖರಗಳು ಸರಿಯುವುದು, ಮತ್ತೆ ಮೊದಲಿನ ಜಾಗಕ್ಕೆ ಬರುವುದು ಕಾಣುತ್ತದೆ. ಮೊದಲಿನ ಜಾಗಕ್ಕೆ ಬರದಿದ್ದರೆ ಮನೆಯ ಗೋಡೆ ವಾಲಿದೆ ಎಂದರ್ಥ.

ಎರಡನೆಯದು ಕೋಶದ್ದು. ಪ್ರಯೋಗಾಲಯದಲ್ಲಿ ಹೊಸ ವಸ್ತುವನ್ನು ಸಾಮಾನ್ಯವಾಗಿ ಕೈಗಡಿಯಾರದ ಬಟನ್ ಸೆಲ್ಲಿನಂಥ ನಾಣ್ಯಾಕಾರದ ಕೋಶದಲ್ಲಿ ಪರೀಕ್ಷಿಸುತ್ತಾರೆ. ತೇವ ಮತ್ತು ಆಮ್ಲಜನಕ ಸೋಕಬಾರದೆಂದು ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಅದಕ್ಕೇ ಜೋಡಿಸಿದ ರಬ್ಬರಿನ ಕೈಗವಸುಗಳಲ್ಲಿ ಕೈ ತೂರಿಸಿ ಅದನ್ನು ಜೋಡಿಸುತ್ತಾರೆ. ಅಂಥ ಕೋಶದಲ್ಲಿರುವ ಹೊಸ ವಸ್ತು ಕೆಲವೇ ಮಿಲಿಗ್ರಾಂ. ಅಷ್ಟರಲ್ಲಿ ಚೆನ್ನಾಗಿ ನಡೆದದ್ದು ಸ್ಕೂಟರಿನ ದಪ್ಪ ಕೋಶದಲ್ಲೂ ನಡೆದೀತೆಂದು ಹೇಳಲಾಗದು. ದಪ್ಪ ಹಾಸಿನಲ್ಲಿ ಅಯಾನುಗಳು ದೂರ ಸಾಗಬೇಕು, ಶಾಖ ಹೊರಹೋಗಲು ತಡವಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಾಳಿಕೆಯ ಗ್ರಾಫು. ಅಡ್ಡ ಅಕ್ಷದಲ್ಲಿ ಎಷ್ಟು ಸಲ ಚಾರ್ಜು ಮಾಡಿ ಖಾಲಿ ಮಾಡಲಾಯಿತು ಎಂಬ ಎಣಿಕೆ, ಉದ್ದ ಅಕ್ಷದಲ್ಲಿ ಉಳಿದ ಸಾಮರ್ಥ್ಯ. ಇದರ ಜೊತೆಗೆ, ಒಳಹೋದ ಪ್ರತಿ ನೂರು ಅಯಾನುಗಳಲ್ಲಿ ಎಷ್ಟು ಹೊರಬಂದವು ಎಂಬ ಅಂಕಿಯನ್ನೂ ತೋರಿಸುತ್ತಾರೆ. ಆ ಅಂಕಿ ಶೇಕಡಾ 99.9 ಎಂದಾಗ ಕೇಳುವವರಿಗೆ ಅದು ಪೂರ್ಣಕ್ಕೆ ಸಮವೆಂದೇ ಅನಿಸುತ್ತದೆ. ಆದರೆ ಲಿಥಿಯಂ ದಾಸ್ತಾನು ಮಿತವಾಗಿರುವ ಕೋಶದಲ್ಲಿ ಪ್ರತಿಸಲ ಸಾವಿರದಲ್ಲಿ ಒಂದು ಪಾಲು ಕಳೆದುಹೋದರೆ, ಸಾವಿರ ಸಲ ಮುಗಿಯುವಷ್ಟರಲ್ಲಿ ಉಳಿಯುವುದು ಶೇಕಡಾ 37 ಮಾತ್ರ. ಅದೇ 99.99 ಆಗಿದ್ದರೆ ಸಾವಿರ ಸಲದ ನಂತರವೂ ಶೇಕಡಾ 90 ಉಳಿಯುತ್ತದೆ. ದಶಮಾಂಶದ ಆಚೆಗಿನ ಒಂದೇ ಒಂದು ಒಂಬತ್ತು, ಒಂದು ವರ್ಷ ಬಾಳುವ ಬ್ಯಾಟರಿಯನ್ನು ಹತ್ತು ವರ್ಷದ್ದಾಗಿಸಬಲ್ಲದು.

ಸಿಲಿಕಾನ್ ಇದಕ್ಕೆ ಒಳ್ಳೆಯ ಉದಾಹರಣೆ. ತೂಕಕ್ಕೆ ತೂಕ ಹೋಲಿಸಿದರೆ ಅದು ಗ್ರಾಫೈಟಿಗಿಂತ ಸುಮಾರು ಒಂಬತ್ತು ಪಟ್ಟು ಲಿಥಿಯಂ ಹಿಡಿಯುತ್ತದೆ. ಆದರೆ ತುಂಬಿಕೊಂಡಾಗ ಅದರ ಗಾತ್ರ ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ ಕಣಗಳು ಸೀಳುತ್ತವೆ. ಮೇಲಿನ ಕೆನೆಪೊರೆ ಹರಿದು ಹರಿದು ಮತ್ತೆ ಕಟ್ಟಿಕೊಳ್ಳುತ್ತ ಲಿಥಿಯಂ ಅನ್ನು ನುಂಗುತ್ತದೆ. ಹಾಗಾಗಿ ಸದ್ಯಕ್ಕೆ ಅದನ್ನು ಗ್ರಾಫೈಟಿನ ಜೊತೆ ಸ್ವಲ್ಪವಾಗಿಯೇ ಬೆರೆಸುತ್ತಾರೆ. ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ದಿನ ತಾಳುತ್ತದೆ ಎಂಬುದೇ ಬ್ಯಾಟರಿ ವಸ್ತುವಿನ ನಿಜವಾದ ಪರೀಕ್ಷೆ.

ಉಪ್ಪಿನ ದಾರಿ

ಲಿಥಿಯಂ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಆಸ್ಟ್ರೇಲಿಯಾದ ಬಂಡೆಗಳಿಂದ, ಚಿಲಿ ಮತ್ತು ಅರ್ಜೆಂಟೀನಾಗಳ ಉಪ್ಪುಬಯಲುಗಳಡಿಯ ನೀರಿನಿಂದ, ಚೀನಾದಿಂದ ಅದರ ಬಹುಪಾಲು ಬರುತ್ತದೆ. ಆವರ್ತ ಕೋಷ್ಟಕದಲ್ಲಿ ಅದರ ಕೆಳಮನೆಯಲ್ಲೇ ಇರುವ ಸೋಡಿಯಂ ಹಾಗಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಬಿಸಿಲಿಗೆ ಬೆಳ್ಳಗೆ ಕಟ್ಟುವ ಉಪ್ಪಿನಲ್ಲೂ ಅದಿದೆ, ಬಟ್ಟೆ ತೊಳೆಯುವ ಸೋಡಾದಲ್ಲೂ ಇದೆ.

ಆದರೆ ಲಿಥಿಯಂಗೆ ಕಟ್ಟಿದ ಮನೆಯಲ್ಲಿ ಸೋಡಿಯಂ ಹಿಡಿಸದು. ಸೋಡಿಯಂ ಅಯಾನು ಮೂರು ಪಟ್ಟಿಗೂ ಹೆಚ್ಚು ಭಾರ, ಗಾತ್ರದಲ್ಲೂ ದೊಡ್ಡದು. ಗ್ರಾಫೈಟಿನ ಪದರಗಳ ನಡುವೆ ಅದು ಸರಿಯಾಗಿ ನೆಲೆಯೂರುವುದಿಲ್ಲ. ಬದಲಿಗೆ, ಪದರಗಳು ಅಂಕುಡೊಂಕಾಗಿ ಹೆಣೆದುಕೊಂಡು ನಡುವೆ ಪೊಟರೆಗಳಿರುವ 'ಹಾರ್ಡ್ ಕಾರ್ಬನ್' ಎಂಬ ಇಂಗಾಲವನ್ನು ಆನೋಡಾಗಿ ಬಳಸುತ್ತಾರೆ. ಇದರಲ್ಲಿ ಸೋಡಿಯಂ ಚೆನ್ನಾಗಿ ಕೂಡುತ್ತದೆಂದು ಕೆನಡಾದ ಸ್ಟೀವನ್ಸ್ ಮತ್ತು ಡಾನ್ 2000ದಲ್ಲಿ ತೋರಿಸಿದರು. ತೆಂಗಿನ ಚಿಪ್ಪಿನಂಥ ಕೃಷಿ ಉಳಿಕೆಗಳಿಂದಲೂ ಇಂಥ ಇಂಗಾಲವನ್ನು ಸುಟ್ಟು ಮಾಡಬಹುದು.

ಕ್ಯಾಥೋಡಿಗೆ ಮೂರು ಬಗೆಯ ಮನೆಗಳು ಪರೀಕ್ಷೆಯಲ್ಲಿವೆ. ಮೊದಲನೆಯದು ಪದರಗಳ ಆಕ್ಸೈಡು. ಎರಡನೆಯದು ಪ್ರಷ್ಯನ್ ಬ್ಲೂ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ನೀಲಿ ಬಣ್ಣ, ಮತ್ತು ಅದರ ಬಂಧುಗಳು. ಇವುಗಳ ಹರಳು ವಿಶಾಲ ಕಿಟಕಿಗಳ ಪಂಜರದಂತೆ ಇರುವುದರಿಂದ ಸೋಡಿಯಂ ಸಲೀಸಾಗಿ ಓಡಾಡುತ್ತದೆ. ಮೂರನೆಯದು ಫಾಸ್ಫೇಟ್, ಸಲ್ಫೇಟುಗಳ ಚೌಕಟ್ಟು. ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪ್ರಬೀರ್ ಬರ್ಪಂಡಾ ಮತ್ತು ಟೋಕಿಯೊ ವಿಶ್ವವಿದ್ಯಾಲಯದ ಅತ್ಸುವೊ ಯಮಾದ ಅವರ ತಂಡ 2014ರಲ್ಲಿ ಸೋಡಿಯಂ, ಕಬ್ಬಿಣ, ಸಲ್ಫೇಟು ಇಷ್ಟರಿಂದಲೇ 3.8 ವೋಲ್ಟ್ ಕೊಡುವ ಕ್ಯಾಥೋಡನ್ನು ಪ್ರಕಟಿಸಿತು. ಕಬ್ಬಿಣದ ವೋಲ್ಟೇಜನ್ನು ಗಂಧಕ ಏರಿಸುತ್ತದೆ ಎಂಬ ಮಂತಿರಂ ಕಾಲದ ಸೂತ್ರ ಇಲ್ಲಿ ಇನ್ನೊಮ್ಮೆ ಫಲ ಕೊಟ್ಟಿತು. ಸಲ್ಫೇಟುಗಳು ತೇವ ಹೀರುವುದು ಇದರ ಕೊರತೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಸೋಡಿಯಂ ಅಯಾನಿನ ವಸ್ತುಗಳ ಮೇಲೆ ಕೆಲಸ ನಡೆಯುತ್ತಿದೆ.

ಸೋಡಿಯಂ ಬ್ಯಾಟರಿಗೆ ಇನ್ನೊಂದು ಅನುಕೂಲವಿದೆ. ಲಿಥಿಯಂ ಬ್ಯಾಟರಿಯ ಆನೋಡಿಗೆ ತಾಮ್ರದ ಹಾಳೆ ಬೇಕು, ಏಕೆಂದರೆ ಲಿಥಿಯಂ ಅಲ್ಯೂಮಿನಿಯಂ ಜೊತೆ ಬೆರೆತು ಮಿಶ್ರಲೋಹವಾಗಿಬಿಡುತ್ತದೆ. ಸೋಡಿಯಂ ಬೆರೆಯುವುದಿಲ್ಲ, ಹಾಗಾಗಿ ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಸಾಕು. ತೂಕ ಹೆಚ್ಚಾದ್ದರಿಂದ ಮೊಬೈಲಿಗಿಂತ ವಿದ್ಯುತ್ ಜಾಲಕ್ಕೇ ಇದು ಹೆಚ್ಚು ಒಪ್ಪುತ್ತದೆ. ನೆಲದ ಮೇಲೆ ಕದಲದೆ ಕೂರುವ ಬ್ಯಾಟರಿ ಎಷ್ಟು ಭಾರವಿದ್ದರೇನು? 2024ರಲ್ಲಿ ಚೀನಾದ ಹುಬೇ ಪ್ರಾಂತ್ಯದಲ್ಲಿ 50 ಮೆಗಾವಾಟ್, 100 ಮೆಗಾವಾಟ್-ಗಂಟೆಯ ಸೋಡಿಯಂ ಸಂಗ್ರಹಾಗಾರ ಜಾಲಕ್ಕೆ ಸೇರಿತು. ಪಾವಗಡದಂಥ ಜಾಗಗಳಿಗೆ ಹೊಂದುವ ದಾರಿ ಇದು.

ದ್ರವದ ಬದಲು ಘನ

ಬ್ಯಾಟರಿ ಹೊತ್ತಿಕೊಂಡಾಗ ಉರಿಯುವುದರಲ್ಲಿ ದ್ರವ ಎಲೆಕ್ಟ್ರೊಲೈಟಿನ ಪಾಲು ದೊಡ್ಡದು. ಅದರ ಜಾಗದಲ್ಲಿ ಬೆಂಕಿ ಹತ್ತದ ಪಿಂಗಾಣಿಯಂಥ ಘನವಸ್ತುವನ್ನಿಟ್ಟರೆ ಬ್ಯಾಟರಿ ಸುರಕ್ಷಿತವಾದೀತು. ಟಿಸಿಲುಗಳೂ ಗಟ್ಟಿ ಗೋಡೆಯನ್ನು ದಾಟಲಾರವು, ವಿಟ್ಟಿಂಗ್‌ಹ್ಯಾಮ್ ಕಾಲದಲ್ಲಿ ಕೈಬಿಟ್ಟ ಲಿಥಿಯಂ ಲೋಹವನ್ನು ಮತ್ತೆ ಆನೋಡಾಗಿ ತರಬಹುದು ಎಂಬುದು ಲೆಕ್ಕಾಚಾರ. 1976ರಲ್ಲೇ ಹಾಂಗ್ ಮತ್ತು ಗುಡ್‌ಇನಫ್ ಸೋಡಿಯಂ ಅಯಾನು ವೇಗವಾಗಿ ಸಾಗುವ 'ನ್ಯಾಸಿಕಾನ್' ಎಂಬ ಘನವಸ್ತುವನ್ನು ಕಂಡಿದ್ದರು. ಲಿಥಿಯಂಗಾಗಿ 2007ರಲ್ಲಿ ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದುರೈ ಮತ್ತು ಜರ್ಮನಿಯ ವೆರ್ನರ್ ವೆಪ್ನರ್, ಗಾರ್ನೆಟ್ ರಚನೆಯ ಲಿಥಿಯಂ-ಲ್ಯಾಂಥನಂ-ಜಿರ್ಕೋನಿಯಂ ಆಕ್ಸೈಡನ್ನು ಪರಿಚಯಿಸಿದರು. 2011ರಲ್ಲಿ ಜಪಾನಿನ ರ್ಯೋಜಿ ಕಾನೊ ಅವರ ತಂಡ ತಂದ ಸಲ್ಫೈಡಿನಲ್ಲಿ ಅಯಾನುಗಳು ದ್ರವದಲ್ಲಿನಷ್ಟೇ ಸರಾಗವಾಗಿ ಹರಿದವು.

ಆದರೆ ಗಟ್ಟಿ ಗೋಡೆಯನ್ನೂ ಸೀಳಿ ಟಿಸಿಲುಗಳು ಬೆಳೆದವು. ಏಕೆ ಹೀಗೆ ಎಂಬುದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಏಟುಕೂರಿ ಅವರ ತಂಡ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆಗೆ, 2022ರಲ್ಲಿ ಒಂದು ಕಾರಣ ತೋರಿಸಿತು. ಬ್ಯಾಟರಿ ಖಾಲಿಯಾಗುವಾಗ ಲಿಥಿಯಂ ಹೊರಟುಹೋದ ಜಾಗಗಳಲ್ಲಿ ಕಣ್ಣಿಗೆ ಕಾಣದ ಟೊಳ್ಳುಗಳು ಉಂಟಾಗುತ್ತವೆ. ಆ ಟೊಳ್ಳುಗಳ ಅಂಚಿನಲ್ಲಿ ವಿದ್ಯುತ್ ಪ್ರವಾಹ ಒತ್ತಾಗಿ ನುಗ್ಗುತ್ತದೆ. ಸೀಳು ಅಲ್ಲಿಂದಲೇ ಮೊದಲಾಗುತ್ತದೆ. ಲಿಥಿಯಂ ಮತ್ತು ಘನ ಎಲೆಕ್ಟ್ರೊಲೈಟಿನ ನಡುವೆ ಟಂಗ್‌ಸ್ಟನ್ ಇಲ್ಲವೇ ಮಾಲಿಬ್ಡಿನಂ ಲೋಹದ ಅತಿ ತೆಳು ಪದರವಿಟ್ಟಾಗ ಟೊಳ್ಳುಗಳು ಕಡಿಮೆಯಾಗಿ ಟಿಸಿಲು ಏಳುವುದು ತಡವಾಯಿತು. ಗೋಡೆಯ ಗಟ್ಟಿತನಕ್ಕಿಂತ ಎರಡು ವಸ್ತುಗಳು ಮುಟ್ಟುವ ಗಡಿಯ ಹದವೇ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು.

ಅದಿರು ಮತ್ತು ಗುಜರಿ

ಕರ್ನಾಟಕದ ನೆಲದಲ್ಲೂ ಲಿಥಿಯಂನ ಸುಳಿವಿದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿ ಅಣು ಖನಿಜ ನಿರ್ದೇಶನಾಲಯ ನಡೆಸಿದ ಸರ್ವೇಕ್ಷಣೆ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜು ಮಾಡಿದೆ. ಒಂದು ಸಾಧಾರಣ ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕೆಂದು ಹಿಡಿದರೆ, ಅಷ್ಟೂ ಹೊರಬಂದರೂ ಎರಡು ಲಕ್ಷ ಕಾರುಗಳಿಗೆ ಆದೀತು. ಇದು ಪ್ರಾಥಮಿಕ ಅಂದಾಜು. ಲಾಭದಾಯಕವಾಗಿ ತೆಗೆಯಬಹುದಾದ ಅದಿರು ಎಷ್ಟೆಂಬುದು ಬೇರೆಯೇ ಲೆಕ್ಕ.

ಆದ್ದರಿಂದ ಹಳೆಯ ಬ್ಯಾಟರಿಗಳೇ ಮುಂದಿನ ಗಣಿಗಳಾಗಬೇಕು. ಸೀಸದ ಬ್ಯಾಟರಿಗೆ ಗುಜರಿಯಲ್ಲಿ ಬೆಲೆಯಿದೆ. ಅದರ ಸೀಸ ಮತ್ತೆ ಮತ್ತೆ ಕರಗಿ ಹೊಸ ಬ್ಯಾಟರಿಯಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಪುಡಿ ಮಾಡಿದರೆ ಸಿಗುವ ಕಪ್ಪು ಪುಡಿಯಲ್ಲಿ ಕೋಬಾಲ್ಟ್, ನಿಕಲ್, ಮ್ಯಾಂಗನೀಸ್, ಲಿಥಿಯಂ, ಗ್ರಾಫೈಟ್ ಎಲ್ಲವೂ ಬೆರೆತಿರುತ್ತವೆ. ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಾರೆ. ದುಬಾರಿ ಲೋಹಗಳಿಲ್ಲದ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಕೆಲಸ ಅಷ್ಟು ಲಾಭ ತರದು. ಅದಕ್ಕೆ ಅಗ್ಗದ ವಿಧಾನ ಹುಡುಕುವುದೂ ಇಂದಿನ ವಸ್ತುವಿಜ್ಞಾನದ ಕೆಲಸವೇ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆ ಮಾಡುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಉರಿದ ಪೆಟ್ರೋಲು ಹೊಗೆಯಾಗಿ ಹೋಗುತ್ತದೆ, ಹಿಂದಿರುಗುವುದಿಲ್ಲ. ಬ್ಯಾಟರಿಯಲ್ಲಿ ಹಾಗಲ್ಲ. ಹತ್ತು ವರ್ಷ ದುಡಿದು ಸವೆದ ಕೋಶದಲ್ಲೂ ಲಿಥಿಯಂ, ಕೋಬಾಲ್ಟ್, ಕಬ್ಬಿಣದ ಪರಮಾಣುಗಳು ಇದ್ದಷ್ಟೂ ಇರುತ್ತವೆ. ಹಾಳಾಗಿರುವುದು ಅವುಗಳ ಜೋಡಣೆ ಮಾತ್ರ. ಮನೆ ಬಿದ್ದರೂ ಇಟ್ಟಿಗೆ, ತೊಲೆಗಳು ಅಲ್ಲೇ ಇವೆ. ಅವನ್ನು ಆಯ್ದು ಮತ್ತೆ ಕಟ್ಟಿದರೆ ಅದೇ ಲಿಥಿಯಂ ಇನ್ನೊಂದು ಬ್ಯಾಟರಿಯಲ್ಲಿ ಮತ್ತೆ ಒಳಬಂದು ಹೊರಹೋಗಬಲ್ಲದು.